ಕ್ಲಾಸಿಕ್ 350: ವಾರಂಟಿ ಮುಗಿದ ಮೇಲಿನ ಲೆಕ್ಕ

ಹೊಸ ಗಾಡಿಯ ಬಣ್ಣ, ಸದ್ದು, ಸೀಟಿನ ಮೆತ್ತನೆ ಇವುಗಳ ಬಗ್ಗೆ ಓದಲು ಸಿಗುವ ವಿಮರ್ಶೆಗಳಿಗೆ ಕೊರತೆಯಿಲ್ಲ. ಮೂರು ವರ್ಷ ಕಳೆದ ಮೇಲೆ ಅದೇ ಗಾಡಿ ಮಾಲೀಕನಿಂದ ಏನನ್ನು ಕೇಳುತ್ತದೆ, ಎಷ್ಟು ಖರ್ಚು ಮಾಡಿಸುತ್ತದೆ, ಕೇಳಿದ್ದನ್ನು ಕೊಟ್ಟರೆ ಅದರ ಎಂಜಿನ್ನು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಬರೆದವರು ಮಾತ್ರ ಕಡಿಮೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಗಾಡಿಯನ್ನು, ಅಂದರೆ 2021ರ ಸೆಪ್ಟೆಂಬರಿನಲ್ಲಿ ಜೆ-ಸೀರೀಸ್ ಎಂಜಿನ್ನಿನೊಂದಿಗೆ ಬಂದ ಹೊಸ ಪೀಳಿಗೆಯದನ್ನು, ಇಲ್ಲಿ ಆ ದೃಷ್ಟಿಯಿಂದಷ್ಟೇ ನೋಡಿದ್ದೇನೆ. ನನ್ನ ಗಾಡಿ ಮಲೆನಾಡಿನ ಮಳೆಯಲ್ಲೂ ಹೆದ್ದಾರಿಯಲ್ಲೂ ಸಮಸಮನಾಗಿ ಓಡಿದೆ. ಕಿಲೋಮೀಟರಿನ ಲೆಕ್ಕದಲ್ಲೂ ವರ್ಷದ ಲೆಕ್ಕದಲ್ಲೂ ವಾರಂಟಿಯನ್ನು ದಾಟಿದೆ. ಎಂಜಿನ್ನನ್ನು ಇನ್ನೂ ಬಿಚ್ಚಿಸಿಲ್ಲ. ಈ ಬಾಳಿಕೆಗೆ ಕಂಪನಿಯ ವಿನ್ಯಾಸ ಎಷ್ಟು ಕಾರಣವೋ, ಸರ್ವಿಸಿನ ವೇಳಾಪಟ್ಟಿಯನ್ನು ಕಣ್ಣುಮುಚ್ಚಿ ಪಾಲಿಸದೆ ಅರ್ಥಮಾಡಿಕೊಂಡು ಪಾಲಿಸುವುದೂ ಅಷ್ಟೇ ಕಾರಣ ಎಂಬುದು ನನ್ನ ಅಭಿಪ್ರಾಯ.

ಮೊದಲು ವೇಳಾಪಟ್ಟಿ. ಮೊದಲ ಸರ್ವಿಸ್ 500 ಕಿ.ಮೀ. ಅಥವಾ 45 ದಿನಕ್ಕೆ, ಎರಡನೆಯದು 5,000 ಕಿ.ಮೀ. ಅಥವಾ 6 ತಿಂಗಳಿಗೆ, ಮೂರನೆಯದು 10,000 ಕಿ.ಮೀ. ಅಥವಾ 12 ತಿಂಗಳಿಗೆ, ಆ ಬಳಿಕ ಪ್ರತಿ 5,000 ಕಿ.ಮೀ.ಗೆ ಒಂದರಂತೆ. ಎಂಜಿನ್ ಆಯಿಲನ್ನು ಮೊದಲ ಸರ್ವಿಸಿನಲ್ಲಿ ಬದಲಿಸುತ್ತಾರೆ. ಹೊಸ ಎಂಜಿನ್ನಿನಲ್ಲಿ ಗೇರು, ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ ಇವು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿಯೆಲ್ಲ ಆ ಮೊದಲ ಆಯಿಲಿನಲ್ಲೇ ಸೇರಿರುತ್ತದೆ. ನಂತರದ ಬದಲಾವಣೆ 10,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ. ನಡುವಿನ 5,000ದ ಸರ್ವಿಸಿನಲ್ಲಿ ಮಟ್ಟ ನೋಡಿ ಬೇಕಿದ್ದರೆ ಸುರಿಯುವುದಷ್ಟೆ. ಎರಡೂವರೆ ಮೂರು ಸಾವಿರಕ್ಕೊಮ್ಮೆ ಆಯಿಲ್ ಚೆಲ್ಲಿ ರೂಢಿಯಾದ ಹಳೆಯ ಬುಲೆಟ್ಟಿನವರಿಗೆ ಈ ಹತ್ತು ಸಾವಿರವೆಂಬ ಅಂಕಿ ನಂಬಲಾಗದ ಮಾತು. ಅವರ ಅನುಮಾನಕ್ಕೆ ಹುರುಳಿಲ್ಲವೆಂದು ನಾನು ಹೇಳಲಾರೆ, ಆದರೆ ಕಾರಣ ಅವರು ತಿಳಿದುಕೊಂಡಿರುವುದಕ್ಕಿಂತ ಬೇರೆ.

ಆಯಿಲಿನ ಆಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವುದು ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು. ಎಂಜಿನ್ನಿಗೆ ಗೊತ್ತಿರುವುದು ತಾನು ತಿರುಗಿದ ಹೊತ್ತು ಮತ್ತು ತಾನು ಸಹಿಸಿದ ಬಿಸಿ. ಬೆಂಗಳೂರಿನ ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆ ಗಂಟೆಗೆ ಸರಾಸರಿ 15 ಕಿ.ಮೀ. ವೇಗದಲ್ಲಿ ತೆವಳುವ ಗಾಡಿ 5,000 ಕಿ.ಮೀ. ಮುಗಿಸುವ ಹೊತ್ತಿಗೆ ಅದರ ಎಂಜಿನ್ನು 333 ಗಂಟೆ ಕೆಲಸ ಮಾಡಿರುತ್ತದೆ. ಶಿವಮೊಗ್ಗದಿಂದ ಚಿತ್ರದುರ್ಗಕ್ಕೋ ದಾವಣಗೆರೆಗೋ ಸರಾಸರಿ 50ರ ವೇಗದಲ್ಲಿ ಹೋಗಿಬರುವ ಗಾಡಿ ಅಷ್ಟೇ ದೂರಕ್ಕೆ ತೆಗೆದುಕೊಳ್ಳುವುದು 100 ಗಂಟೆ. ಮೊದಲನೆಯದಕ್ಕೆ ಎದುರುಗಾಳಿಯೂ ಇಲ್ಲ, ಮತ್ತು ಈ ಎಂಜಿನ್ನು ಗಾಳಿಯನ್ನೂ ಆಯಿಲನ್ನೂ ನೆಚ್ಚಿ ತಣಿಯುವಂಥದ್ದು, ರೇಡಿಯೇಟರಿನ ನೀರು ಅದಕ್ಕಿಲ್ಲ. ಎರಡೂ ಗಾಡಿಗಳಿಗೆ ಒಂದೇ ಅಂಕಿ ಹೇಳುವ ಪುಸ್ತಕ ಸುಳ್ಳು ಹೇಳುತ್ತಿಲ್ಲ, ಆದರೆ ಪೂರ್ತಿಯಾಗಿಯೂ ಹೇಳುತ್ತಿಲ್ಲ. ಹೆದ್ದಾರಿಯ ಓಟವೇ ಹೆಚ್ಚಿದ್ದವರು ಹತ್ತು ಸಾವಿರದವರೆಗೆ ನಿಶ್ಚಿಂತೆಯಿಂದ ಹೋಗಬಹುದು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಿಸುವವರು ಐದಾರು ಸಾವಿರಕ್ಕೇ ಬದಲಿಸಿದರೆ ಅದು ದುಂದುವೆಚ್ಚವಲ್ಲ.

ತಿಂಗಳಿನ ಲೆಕ್ಕವನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ವಾರಕ್ಕೊಮ್ಮೆ ದೇವಸ್ಥಾನಕ್ಕೋ ಮಾರುಕಟ್ಟೆಗೋ ಎರಡು ಮೂರು ಕಿಲೋಮೀಟರು ಹೋಗಿಬರುವ ಗಾಡಿಯ ಎಂಜಿನ್ನು ಎಂದೂ ಪೂರ್ತಿ ಬಿಸಿಯಾಗುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿಯೂ ಉರಿಯದೆ ಉಳಿದ ಪೆಟ್ರೋಲಿನ ಅಂಶವೂ ಆಯಿಲಿಗೆ ಇಳಿದು ಅಲ್ಲೇ ನಿಲ್ಲುತ್ತವೆ. ಚೆನ್ನಾಗಿ ಬಿಸಿಯೇರಿದ ಎಂಜಿನ್ನಿನಲ್ಲಿ ಅವು ಹಬೆಯಾಗಿ ಹೋಗುತ್ತಿದ್ದವು. ಆಗಸ್ಟಿನ ಮಲೆನಾಡಿನಲ್ಲಿ ಇಂಥ ಗಾಡಿಯ ಆಯಿಲ್ ತುಂಬುವ ಮುಚ್ಚಳವನ್ನು ತೆರೆದರೆ ಒಳಗೆ ಹಾಲಿನ ಕೆನೆಯಂಥ ಬಿಳಿಯ ಲೇಪ ಕಾಣುವುದುಂಟು. ವರ್ಷಕ್ಕೆ ಎರಡು ಸಾವಿರ ಕಿ.ಮೀ. ಕೂಡ ಓಡಿಸದವರು ‘ಹತ್ತು ಸಾವಿರ ಇನ್ನೂ ಆಗಿಲ್ಲವಲ್ಲ’ ಎಂದು ಕಾಯುವುದು ಉಳಿತಾಯವಲ್ಲ. ಅವರಿಗೆ ಅನ್ವಯಿಸುವುದು 12 ತಿಂಗಳೆಂಬ ಅಂಕಿಯೇ.

ಆಯಿಲಿನ ದರ್ಜೆಯ ಬಗ್ಗೆ ಕಂಪನಿ ಹೇಳುವುದು 15ಡಬ್ಲ್ಯೂ-50, ಸೆಮಿ ಸಿಂಥೆಟಿಕ್, ಜಾಸೋ ಎಂಎ2. ಇದರಲ್ಲಿ ಮೊದಲನೆಯದು ಆಯಿಲಿನ ಮಂದತನದ ಗುರುತು; ಕೊನೆಯ ಎಂಎ2, ಅಂದರೆ ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿಗೂ ಹೊಂದುವ ದರ್ಜೆ, ಅತಿ ಮುಖ್ಯವಾದದ್ದು. ಈ ಗಾಡಿಯಲ್ಲಿ ಎಂಜಿನ್ನು, ಗೇರುಬಾಕ್ಸು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲು. ಕ್ಲಚ್ ಪ್ಲೇಟುಗಳು ಅದರಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಕಾರಿಗೆಂದು ಮಾರುವ, ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಬೆರೆಸಿದ ದುಬಾರಿ ಆಯಿಲನ್ನು ಪ್ರೀತಿಯಿಂದ ಸುರಿದರೆ ಕ್ಲಚ್ಚು ಜಾರತೊಡಗುತ್ತದೆ. ಗೇರಿನ ಹಲ್ಲುಗಳು ಆಯಿಲನ್ನು ಅರೆಯುವುದರಿಂದ ಅದರ ಮಂದತನ ಕಾರಿನಲ್ಲಿ ಇಳಿಯುವುದಕ್ಕಿಂತ ಬೇಗ ಇಳಿಯುತ್ತದೆ ಎಂಬುದನ್ನೂ ನೆನಪಿಡಬೇಕು. ಗೇರು ಹಾಕುವಾಗ ಮೊದಲಿನ ನಯ ತಪ್ಪಿ ನ್ಯೂಟ್ರಲ್ ಸಿಗಲು ತಡಕಾಡುವಂತಾದರೆ, ಪುಸ್ತಕದ ಅಂಕಿ ಏನೇ ಇರಲಿ, ಆಯಿಲು ಸೋತಿದೆಯೆಂದು ತಿಳಿಯಬಹುದು.

ಇದಕ್ಕಿಂತ ಹೆಚ್ಚಾಗಿ ಎಂಜಿನ್ನನ್ನು ಹಾಳುಮಾಡುವುದು ಹಳೆಯ ಆಯಿಲಲ್ಲ, ಕಡಿಮೆ ಆಯಿಲು. ಗಾಳಿಯಿಂದ ತಣಿಯುವ ಒಂಟಿ ಸಿಲಿಂಡರಿನ ಎಂಜಿನ್ನು ಸ್ವಲ್ಪವಾದರೂ ಆಯಿಲು ಕುಡಿಯುವುದು ಸಹಜ, ಅದು ದೋಷವಲ್ಲ. ಆದರೆ ಆಯಿಲು ಬದಲಿಸುವ ಅಂತರ ಮೂರು ಸಾವಿರದಿಂದ ಹತ್ತು ಸಾವಿರಕ್ಕೆ ಏರಿದಾಗ, ನಡುವೆ ಯಾರೋ ಮೆಕ್ಯಾನಿಕ್ಕು ಬಗ್ಗಿ ನೋಡುತ್ತಿದ್ದ ಸಂದರ್ಭಗಳೂ ಕಡಿಮೆಯಾದವು. ಆ ಕೆಲಸ ಈಗ ಮಾಲೀಕನದು. ಎಂಜಿನ್ನಿನ ಬದಿಯಲ್ಲಿರುವ ಗಾಜಿನ ಕಿಂಡಿ ಅದಕ್ಕಾಗಿಯೇ ಇದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ನು ನಿಲ್ಲಿಸಿ ಕೆಲವು ನಿಮಿಷ ಬಿಟ್ಟು, ಕಿಂಡಿಯ ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವೆ ಆಯಿಲು ನಿಂತಿದೆಯೇ ಎಂದು ಸಾವಿರ ಕಿಲೋಮೀಟರಿಗೊಮ್ಮೆ ನೋಡಿದರೆ ಸಾಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ನೋಡುವವರಿಗೆ ಕಿಂಡಿ ಏನು ಬೇಕಾದರೂ ತೋರಿಸುತ್ತದೆ.

ಇನ್ನು ಟ್ಯಾಪೆಟ್ಟಿನ, ಅಂದರೆ ಎಂಜಿನ್ನಿನ ವಾಲ್ವನ್ನು ಒತ್ತಿ ತೆರೆಯುವ ಭಾಗದ, ಮತ್ತು ಅವೆರಡರ ನಡುವಿನ ಕಿರು ಅಂತರದ ವಿಚಾರ. ಹಿಂದಿನ ಪೀಳಿಗೆಯ 346 ಸಿಸಿ ಯುಸಿಇ ಎಂಜಿನ್ನಿನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ಟುಗಳಿದ್ದವು. ಆಯಿಲಿನ ಒತ್ತಡದಿಂದ ಅವು ತಮ್ಮ ಅಂತರವನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದವು, ಮಾಲೀಕನಿಗೆ ಆ ಚಿಂತೆಯೇ ಇರಲಿಲ್ಲ. ಜೆ-ಸೀರೀಸಿನಲ್ಲಿ ಪುಶ್‌ರಾಡು ಹೋಗಿ ಕ್ಯಾಮ್‌ಶಾಫ್ಟು ಸಿಲಿಂಡರ್ ಹೆಡ್ಡಿಗೆ ಏರಿದೆ. ಅಂತರವನ್ನು ತಿರುಪು ಮತ್ತು ನಟ್ಟಿನಿಂದ ಕೈಯಾರೆ ಹೊಂದಿಸಬೇಕು. ಹಳೆಯ ಕ್ಲಾಸಿಕ್ಕಿನಿಂದ ಹೊಸದಕ್ಕೆ ಬಂದ ಎಷ್ಟೋ ಜನರಿಗೆ ಈ ಬದಲಾವಣೆ ತಿಳಿದೇ ಇಲ್ಲ. ವೇಳಾಪಟ್ಟಿಯಲ್ಲಿ ಇದು ಇದೆ, ಆದರೆ ಟ್ಯಾಂಕು ಇಳಿಸಿ, ಎಂಜಿನ್ನು ಪೂರ್ತಿ ತಣಿದ ಮೇಲೆ ಮಾಡಬೇಕಾದ ಕೆಲಸವಾದ್ದರಿಂದ ಗಿಜಿಗುಡುವ ಸರ್ವಿಸ್ ಕೇಂದ್ರಗಳಲ್ಲಿ ತೀರಾ ಸುಲಭವಾಗಿ ಬಿಟ್ಟುಹೋಗುವುದೂ ಇದೇ. ಬೆಳಿಗ್ಗೆ ಓಡಿಸಿಕೊಂಡು ಹೋಗಿ ಕೊಟ್ಟ ಗಾಡಿ ಎರಡು ಗಂಟೆಯಲ್ಲಿ ತೊಳೆದು ಸಿದ್ಧವಾಗಿ ಬಂದಿದೆಯೆಂದರೆ ಟ್ಯಾಪೆಟ್ಟನ್ನು ಸರಿಯಾಗಿ ನೋಡಿರಲು ಸಾಧ್ಯವಿಲ್ಲ. ಹಿಂದಿನ ಸಂಜೆಯೇ ಗಾಡಿ ಬಿಟ್ಟು, ಜಾಬ್ ಕಾರ್ಡಿನಲ್ಲಿ ಈ ಕೆಲಸವನ್ನು ಬರೆಸಿ, ಬೆಳಿಗ್ಗೆ ತಣ್ಣಗಿರುವಾಗಲೇ ಮಾಡಲು ಹೇಳುವುದು ನಾನು ಕಂಡುಕೊಂಡ ದಾರಿ.

ಇಲ್ಲಿ ನಮ್ಮವರಲ್ಲಿ ಬೇರೂರಿದ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಟ್ಯಾಪೆಟ್ಟು ಸದ್ದು ಮಾಡಿದರೆ ಕೆಟ್ಟದ್ದು, ಸದ್ದಿಲ್ಲದಿದ್ದರೆ ಒಳ್ಳೆಯದು ಎಂದು ಎಲ್ಲರೂ ನಂಬಿದ್ದಾರೆ. ವಾಸ್ತವ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ಅಂತರ ತುಸು ಹೆಚ್ಚಾದರೆ ಟಿಕ್ ಟಿಕ್ ಸದ್ದು ಬರುತ್ತದೆ, ಶಕ್ತಿ ಕೊಂಚ ತಗ್ಗುತ್ತದೆ, ಅಷ್ಟೆ. ಅಂತರ ಕಡಿಮೆಯಾದರೆ ಎಂಜಿನ್ನು ಬಿಸಿಯೇರಿದಾಗ ಎಕ್ಸಾಸ್ಟ್ ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ವಾಲ್ವು ತನ್ನ ಬಿಸಿಯನ್ನು ಇಳಿಸಿಕೊಳ್ಳುವುದು ಮುಖ್ಯವಾಗಿ ತಾನು ಮುಚ್ಚುವ ರಂಧ್ರದ ಅಂಚಿಗೆ (ವಾಲ್ವ್ ಸೀಟಿಗೆ) ಅಂಟಿ ಕೂತಿರುವ ಕ್ಷಣಗಳಲ್ಲಿಯೇ ಆದ್ದರಿಂದ, ಆ ಅವಕಾಶ ತಪ್ಪಿದ ವಾಲ್ವು ಸದ್ದಿಲ್ಲದೆ ಸುಡುತ್ತಾ ಹೋಗುತ್ತದೆ. ‘ಸ್ವಲ್ಪ ಸೌಂಡ್ ಬರ್ತಿದೆ, ಟೈಟ್ ಮಾಡಿ’ ಎಂದು ಗಿರಾಕಿ ಕೇಳಿದ್ದಕ್ಕೆ ಅಂತರ ಅಳೆಯುವ ಫೀಲರ್ ಗೇಜು ಹಿಡಿಯದೆ ಅಂದಾಜಿನಲ್ಲಿ ತಿರುಪು ಬಿಗಿದುಕೊಡುವ ಮೆಕ್ಯಾನಿಕ್ಕು ಗಿರಾಕಿಯನ್ನು ಸಂತೋಷಪಡಿಸಿ ಎಂಜಿನ್ನಿನ ಆಯಸ್ಸನ್ನು ಕತ್ತರಿಸುತ್ತಾನೆ.

ಎಂಜಿನ್ನು ಮೂಲದಲ್ಲಿ ಎಷ್ಟು ಗಟ್ಟಿ ಎಂಬುದಕ್ಕೆ ಅಂಕಿಗಳನ್ನೇ ನೋಡೋಣ. 72 ಮಿ.ಮೀ. ಬೋರು (ಸಿಲಿಂಡರಿನ ಅಗಲ), 85.8 ಮಿ.ಮೀ. ಸ್ಟ್ರೋಕು (ಪಿಸ್ಟನ್ನು ಏರಿಳಿಯುವ ದೂರ), 349 ಸಿಸಿ. ನಿಮಿಷಕ್ಕೆ 6,100 ಸುತ್ತಿನಲ್ಲಿ 20.2 ಕುದುರೆಬಲ, 4,000 ಸುತ್ತಿನಲ್ಲಿ 27 ನ್ಯೂಟನ್ ಮೀಟರ್ ಟಾರ್ಕು. ಕೆಟಿಎಂ 390 ಡ್ಯೂಕಿನ ಹಿಂದಿನ 373 ಸಿಸಿ ಎಂಜಿನ್ನು ಇದಕ್ಕಿಂತ ಸ್ವಲ್ಪವೇ ದೊಡ್ಡದು, ಕೊಡುತ್ತಿದ್ದದ್ದು ಸುಮಾರು 43 ಕುದುರೆಬಲ. ಅರ್ಧಕ್ಕಿಂತ ಕಡಿಮೆ ಕೆಲಸ ಮಾಡಿಸಿಕೊಳ್ಳುವ ಎಂಜಿನ್ನಿನ ಬೇರಿಂಗು, ಪಿಸ್ಟನ್ನುಗಳ ಮೇಲೆ ಬೀಳುವ ಒತ್ತಡವೂ ಹುಟ್ಟುವ ಬಿಸಿಯೂ ಕಡಿಮೆ. ಇದಲ್ಲದೆ ಹಿಂದಿನ ಎಂಜಿನ್ನಿನಲ್ಲಿ ಕ್ರ್ಯಾಂಕಿನಿಂದ ಕ್ಲಚ್ಚಿಗೆ ಶಕ್ತಿ ಒಯ್ಯುತ್ತಿದ್ದ ಪ್ರೈಮರಿ ಚೈನಿನ ಜಾಗದಲ್ಲಿ ಈಗ ಗೇರುಗಳಿವೆ. ಸವೆದು ಜೋಲುವ ಒಂದು ಭಾಗ ಕಡಿಮೆಯಾಯಿತು. ಬ್ಯಾಲೆನ್ಸರ್ ಶಾಫ್ಟು ಬಂದದ್ದರಿಂದ ನಟ್ಟು ಬೋಲ್ಟು ಸಡಿಲಿಸುತ್ತಿದ್ದ ಹಳೆಯ ನಡುಕವೂ ಅಡಗಿದೆ.

ಆದರೆ ‘ನಿಧಾನದ ಎಂಜಿನ್ನು, ಸವೆಯುವುದೇ ಇಲ್ಲ’ ಎನ್ನುವವರು ಲೆಕ್ಕದ ಇನ್ನೊಂದು ಮಗ್ಗುಲನ್ನು ನೋಡುವುದಿಲ್ಲ. ಸ್ಟ್ರೋಕು ಉದ್ದವಿರುವುದರಿಂದ ಪ್ರತಿ ಸುತ್ತಿನಲ್ಲಿ ಪಿಸ್ಟನ್ನು ಕ್ರಮಿಸುವ ದಾರಿಯೂ ಉದ್ದ. 6,100 ಸುತ್ತಿನಲ್ಲಿ ಈ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 17.4 ಮೀಟರು, 60 ಮಿ.ಮೀ. ಸ್ಟ್ರೋಕಿನ ಆ ಡ್ಯೂಕು 9,000 ಸುತ್ತಿನಲ್ಲಿ ತಲುಪುವುದು 18 ಮೀಟರು. ಅಂದರೆ ಥ್ರಾಟಲನ್ನು ಪೂರ್ತಿ ತಿರುಗಿಸಿ ಓಡಿಸಿದಾಗ ಸಿಲಿಂಡರ್ ಗೋಡೆಯ ಮೇಲಿನ ಉಜ್ಜಾಟದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಮತ್ತು ಡ್ಯೂಕಿಗೆ ತಣಿಸಲು ನೀರಿದೆ. ಇದೇ ಕ್ಲಾಸಿಕ್ಕು 4,000 ಸುತ್ತಿನಲ್ಲಿ, ಐದನೇ ಗೇರಿನಲ್ಲಿ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಹೋಗುವಾಗ, ಪಿಸ್ಟನ್ನಿನ ವೇಗ 11.4 ಮೀಟರಿಗೆ ಇಳಿಯುತ್ತದೆ. ಈ ಗಾಡಿಯ ಪ್ರಸಿದ್ಧ ಬಾಳಿಕೆಯೆಲ್ಲ ಇರುವುದು ಈ 11.4ರ ಅಂಕಿಯಲ್ಲಿ. 80ರ ಆಸುಪಾಸಿನಲ್ಲಿ ದಿನವಿಡೀ ಓಡಿಸಿದವನ ಎಂಜಿನ್ನೂ 110ರಲ್ಲಿ ದಿನವಿಡೀ ಹಿಂಡಿದವನ ಎಂಜಿನ್ನೂ ಒಂದೇ ಕಿಲೋಮೀಟರು ತೋರಿಸಿದರೂ ಒಂದೇ ವಯಸ್ಸಿನವಲ್ಲ. ಕ್ಲಾಸಿಕ್ಕಿನಲ್ಲಿ ಸುತ್ತು ತೋರಿಸುವ ಮೀಟರು ಇಲ್ಲವಾದ್ದರಿಂದ ಇದನ್ನು ಕಿವಿಯಿಂದಲೂ ಹ್ಯಾಂಡಲ್ಲಿಗೆ ಬರುವ ಕಂಪನದಿಂದಲೂ ತಿಳಿಯಬೇಕು.

ಈಗ ದುಡ್ಡಿನ ಮಾತು. ಮೊದಲ ಕೆಲವು ಸರ್ವಿಸುಗಳು ‘ಫ್ರೀ’ ಎಂದಾಗ ಫ್ರೀ ಆಗಿರುವುದು ಕೂಲಿ ಮಾತ್ರ. ಆಯಿಲು, ಫಿಲ್ಟರು, ಓರಿಂಗು, ಗ್ರೀಸು ಇವಕ್ಕೆ ಹಣ ಕೊಡಲೇಬೇಕು. ಇದು ಒಂದು ಕಂಪನಿಯ ಕ್ರಮವಲ್ಲ, ನಮ್ಮ ದೇಶದಲ್ಲಿ ಎಲ್ಲ ದ್ವಿಚಕ್ರ ವಾಹನಗಳಿಗೂ ಹೀಗೆಯೇ. ನನ್ನ ಬಿಲ್ಲುಗಳನ್ನು ನೋಡಿದರೆ ಆಯಿಲು ಬದಲಿಸುವ ಹತ್ತು ಸಾವಿರದ ದೊಡ್ಡ ಸರ್ವಿಸು ಮೂರು ಸಾವಿರದ ಆಸುಪಾಸಿನಲ್ಲೂ, ನಡುವಿನ ಚಿಕ್ಕ ಸರ್ವಿಸು ಸಾವಿರದಿಂದ ಒಂದೂವರೆ ಸಾವಿರದೊಳಗೂ ಮುಗಿದಿದೆ. ಹತ್ತು ಸಾವಿರ ಕಿಲೋಮೀಟರಿಗೆ ನಾಲ್ಕೂವರೆ ಸಾವಿರವೆಂದು ಹಿಡಿದರೂ ಕಿಲೋಮೀಟರಿಗೆ 45 ಪೈಸೆ. ಲೀಟರಿಗೆ 33 ಕಿ.ಮೀ. ಕೊಡುವ ಗಾಡಿಗೆ ನೂರು ರೂಪಾಯಿ ದಾಟಿದ ಪೆಟ್ರೋಲಿನ ಖರ್ಚೇ ಕಿಲೋಮೀಟರಿಗೆ ಮೂರು ರೂಪಾಯಿಯ ಮೇಲಾಗುತ್ತದೆ. ಸರ್ವಿಸು ದುಬಾರಿ ಎಂದು ಗೊಣಗುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಚೈನ್ ಸೆಟ್ಟು, ಬ್ರೇಕ್ ಪ್ಯಾಡು, ಟೈರು ಇವೆಲ್ಲ ಬೇರೆ ಲೆಕ್ಕ. ಅವುಗಳ ಆಯಸ್ಸು ಎಂಜಿನ್ನಿಗಿಂತ ಮಾಲೀಕನ ಕೈಯನ್ನೇ ಹೆಚ್ಚು ನೆಚ್ಚಿದೆ.

ಬಿಲ್ಲು ಉಬ್ಬುವುದು ವೇಳಾಪಟ್ಟಿಯಲ್ಲಿರುವ ಕೆಲಸಗಳಿಂದಲ್ಲ, ಇಲ್ಲದ ಕೆಲಸಗಳಿಂದ. ಯಾವ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋದರೂ ಈಗ ಕೌಂಟರಿನಲ್ಲಿ ಎಂಜಿನ್ ಫ್ಲಶ್, ಡಿಕಾರ್ಬನೈಸಿಂಗ್, ಟೆಫ್ಲಾನ್ ಕೋಟಿಂಗ್, ತುಕ್ಕು ತಡೆಯುವ ಲೇಪನ, ಪೆಟ್ರೋಲಿಗೆ ಬೆರೆಸುವ ಚಿಕ್ಕ ಬಾಟಲಿ ಇವುಗಳ ಪಟ್ಟಿ ಎದುರಾಗುತ್ತದೆ. ನಯವಾಗಿ ಮಾತಾಡುವ ಸರ್ವಿಸ್ ಅಡ್ವೈಸರ್ ‘ಸರ್, ಮಾಡಿಸಿದ್ರೆ ಒಳ್ಳೇದು’ ಎನ್ನುತ್ತಾರೆ. ಒಳ್ಳೆಯದಲ್ಲವೆಂದು ವಾದಿಸುವ ಅಗತ್ಯವಿಲ್ಲ, ಮಾಲೀಕರ ಕೈಪಿಡಿಯಲ್ಲಿ ಅದು ಯಾವ ಪುಟದಲ್ಲಿದೆ ತೋರಿಸಿ ಎಂದರೆ ಸಾಕು. ಡಿಕಾರ್ಬನೈಸಿಂಗ್ ಒಂದು ಕಾಲದಲ್ಲಿ ನಿಜವಾದ ಅಗತ್ಯವಾಗಿತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳು ಟೂ-ಸ್ಟ್ರೋಕ್ ಗಾಡಿಗಳು; ಪೆಟ್ರೋಲಿನ ಜೊತೆಗೇ ಆಯಿಲೂ ಉರಿಯುತ್ತಿದ್ದರಿಂದ ಸೈಲೆನ್ಸರಿನಲ್ಲೂ ಎಕ್ಸಾಸ್ಟ್ ಪೋರ್ಟಿನಲ್ಲೂ ಮಸಿ ಕಟ್ಟಿ ಗಾಡಿ ಉಸಿರು ಕಟ್ಟಿದಂತಾಗುತ್ತಿತ್ತು, ಅದನ್ನು ಬಿಚ್ಚಿ ಕೆರೆದು ಸುಟ್ಟು ತೆಗೆಯುವುದು ಮೈಸೂರಿನ ಪ್ರತಿ ಗ್ಯಾರೇಜಿನ ದಿನಚರಿಯಾಗಿತ್ತು. ಫೋರ್-ಸ್ಟ್ರೋಕಿನ, ಫ್ಯೂಯಲ್ ಇಂಜೆಕ್ಷನ್ನಿನ, ಕೆಲವೇ ಸಾವಿರ ಕಿಲೋಮೀಟರು ಓಡಿದ ಗಾಡಿಗೆ ಅದೇ ಹೆಸರಿನ ದ್ರವ ಸುರಿಯುವುದಕ್ಕೂ ಆ ಕೆಲಸಕ್ಕೂ ಸಂಬಂಧವಿಲ್ಲ.

ಬಿಲ್ಲನ್ನು ಓದುವ ಅಭ್ಯಾಸವಿದ್ದವರಿಗೆ ಬೇರೆ ರಕ್ಷಣೆ ಬೇಡ. ಬಿಡಿಭಾಗದ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ, ಅದರಲ್ಲಿ ತೆರಿಗೆ ಸೇರಿರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿರುವುದರಿಂದ, ಹಳೆಯ ದಾಸ್ತಾನಿನ ಬೆಲೆಯಲ್ಲಿ ಬಿಲ್ಲು ಮಾಡಿದ್ದಾರೆಯೇ ಎಂದು ನೋಡುವುದೂ ಉಚಿತ. ಬದಲಿಸಿದ ಹಳೆಯ ಫಿಲ್ಟರನ್ನೂ ಪ್ಲಗ್ಗನ್ನೂ ಕೇಳಿ ಪಡೆಯಬೇಕು. ಕೊಡಲು ಹಿಂದೆಮುಂದೆ ನೋಡಿದರೆ ಅದರ ಅರ್ಥವನ್ನು ಮಾಲೀಕನೇ ಮಾಡಿಕೊಳ್ಳಲಿ. ಕೆಲಸಕ್ಕೆ ಮೊದಲೇ ಅಂದಾಜು ವೆಚ್ಚ ಬರೆಸಿ, ಅದಕ್ಕಿಂತ ಹೆಚ್ಚಾಗುವುದಾದರೆ ಫೋನು ಮಾಡಿ ಕೇಳಿ ಎಂದು ಜಾಬ್ ಕಾರ್ಡಿನಲ್ಲಿ ನಮೂದಿಸಿದರೆ ಸಂಜೆ ಕೌಂಟರಿನಲ್ಲಿ ಜಗಳವಾಗುವುದಿಲ್ಲ. ಅಷ್ಟಾದರೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹೋಲಿಕೆಗೆ ನಮ್ಮ ಊರುಗಳಲ್ಲಿ ಅತಿ ಹೆಚ್ಚು ಕಾಣುವ ಹೀರೋ ಸ್ಪ್ಲೆಂಡರನ್ನು ನೋಡಬಹುದು. 1994ರಿಂದ ಬರುತ್ತಿರುವ ಈ ಗಾಡಿಯ 97.2 ಸಿಸಿ ಎಂಜಿನ್ನಿನ ಸ್ಟ್ರೋಕು 49.5 ಮಿ.ಮೀ.; ಗರಿಷ್ಠ ಶಕ್ತಿಯ 8,000 ಸುತ್ತಿನಲ್ಲೂ ಪಿಸ್ಟನ್ನಿನ ವೇಗ 13.2 ಮೀಟರು ಮಾತ್ರ. ಹಾಲಿನ ಕ್ಯಾನು, ಮೂಟೆ, ಮೂವರು ಸವಾರರು ಎಲ್ಲವನ್ನೂ ಹೊತ್ತು ಲಕ್ಷ ಕಿಲೋಮೀಟರು ದಾಟುವ ಅದರ ಗುಟ್ಟು ಇಲ್ಲೇ ಇದೆ, ಮತ್ತು ಹೀರೋ ಕಂಪನಿ 5 ವರ್ಷ ಅಥವಾ 70,000 ಕಿ.ಮೀ. ವಾರಂಟಿ ಕೊಡುವ ಧೈರ್ಯವೂ ಅದರಿಂದಲೇ ಬಂದದ್ದು. ಆದರೆ ಅದಕ್ಕೆ ಸರ್ವಿಸು ಪ್ರತಿ 3,000 ಕಿ.ಮೀ.ಗೆ. ಒಂದು ಲೀಟರನ್ನೂ ಮುಟ್ಟದ ಆಯಿಲಿನಲ್ಲಿ ಇಡೀ ಎಂಜಿನ್ನು ಬದುಕಬೇಕಾದ್ದರಿಂದ ಅದು ಬೇಗ ಕೊಳೆಯಾಗುತ್ತದೆ. ಒಂದೊಂದು ಸರ್ವಿಸಿನ ಬಿಲ್ಲು ಚಿಕ್ಕದಾದರೂ ಹತ್ತು ಸಾವಿರ ಕಿಲೋಮೀಟರಿಗೆ ಮೂರು ಬಾರಿ ಹೋಗಬೇಕು. ವರ್ಷದ ಕೊನೆಗೆ ಕೂಡಿ ನೋಡಿದಾಗ ಕ್ಲಾಸಿಕ್ಕಿನ ಸರ್ವಿಸು ಖರ್ಚು ಅದರ ಎರಡರಷ್ಟಾಗಬಹುದು, ಜನ ಹೇಳುವಂತೆ ಐದಾರು ಪಟ್ಟಲ್ಲ. ಪೆಟ್ರೋಲಿನಲ್ಲಿ ಮಾತ್ರ ಸ್ಪ್ಲೆಂಡರಿಗೆ ಸಾಟಿಯಿಲ್ಲ.

ಕ್ಲಾಸಿಕ್ಕಿನ ವಾರಂಟಿ 3 ವರ್ಷ ಅಥವಾ 30,000 ಕಿ.ಮೀ., ಯಾವುದು ಮೊದಲೋ ಅದು. ಆ ಅವಧಿಯಲ್ಲಿ ಹೊರಗಿನ ಗ್ಯಾರೇಜಿಗೆ ಹೋಗಿ ಐನೂರು ರೂಪಾಯಿ ಉಳಿಸುವುದು ಜಾಣತನವಲ್ಲ. ಅಧಿಕೃತ ಕೇಂದ್ರದ ದಾಖಲೆಗಳಿಲ್ಲದೆ ವಾರಂಟಿಯ ಬೇಡಿಕೆ ನಿಲ್ಲುವುದಿಲ್ಲ. ಮುಂದಿನ ವರ್ಷಗಳಿಗೆ ಹಣ ಕೊಟ್ಟು ವಾರಂಟಿ ವಿಸ್ತರಿಸಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ: ಎಂಜಿನ್ನಿಗಾಗಿ ಬೇಡ, ವಿದ್ಯುತ್ ಭಾಗಗಳಿಗಾಗಿ ಬೇಕು. 2020ರ ಏಪ್ರಿಲಿನಿಂದ ಬಿಎಸ್6 ಕಡ್ಡಾಯವಾದ ಮೇಲೆ ಗಾಡಿಯಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಇಸಿಯು, ಹಲವು ಸೆನ್ಸರುಗಳು ತುಂಬಿಕೊಂಡಿವೆ. ಕೆಟ್ಟರೆ ಅವನ್ನು ರಿಪೇರಿ ಮಾಡುವ ಪದ್ಧತಿಯಿಲ್ಲ, ಇಡಿಯಾಗಿ ಬದಲಿಸುವುದೇ, ಮತ್ತು ಆ ಒಂದು ಭಾಗದ ಬೆಲೆ ಹಲವು ಸರ್ವಿಸುಗಳ ಬೆಲೆಗೆ ಸಮ. ಕಂಪನಿ 2021ರಲ್ಲಿ ಮಾಡಿದ ದೊಡ್ಡ ಹಿಂಪಡೆತವೂ ಎಂಜಿನ್ನಿನ ಲೋಹಕ್ಕೆ ಸಂಬಂಧಿಸಿದ್ದಲ್ಲ. 2020ರ ಡಿಸೆಂಬರಿನಿಂದ 2021ರ ಏಪ್ರಿಲಿನ ನಡುವೆ ತಯಾರಾದ ಮೀಟಿಯರ್, ಕ್ಲಾಸಿಕ್, ಬುಲೆಟ್ 350 ಗಾಡಿಗಳು ಸೇರಿ 2,36,966 ವಾಹನಗಳನ್ನು ಇಗ್ನಿಷನ್ ಕಾಯಿಲಿನ ದೋಷಕ್ಕಾಗಿ 2021ರ ಮೇ ತಿಂಗಳಲ್ಲಿ ಪರೀಕ್ಷೆಗೆ ಕರೆಯಲಾಯಿತು. ಅವುಗಳಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಗಾಡಿಗಳಿಗೆ ಭಾಗ ಬದಲಿಸಬೇಕಾದೀತೆಂದು ಕಂಪನಿ ಅಂದಾಜಿಸಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸೆಪ್ಟೆಂಬರ್ 1ರಿಂದ ಡಿಸೆಂಬರ್ 5ರ ನಡುವೆ ತಯಾರಾದ, ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕಿರುವ 26,300 ಹೊಸ ಕ್ಲಾಸಿಕ್ಕುಗಳನ್ನು ಹಿಂದಿನ ಬ್ರೇಕಿನ ಒಂದು ಬ್ರ್ಯಾಕೆಟ್ಟಿಗಾಗಿ ಕರೆದರು. ಎರಡೂ ಕೆಲಸ ಉಚಿತ. ಆ ಅವಧಿಯ ಗಾಡಿಯನ್ನು ಎರಡನೇ ಕೈಯಲ್ಲಿ ಕೊಳ್ಳುವವರು ಛಾಸಿ ನಂಬರು ಕೊಟ್ಟು ಡೀಲರನ್ನು ವಿಚಾರಿಸುವುದನ್ನು ಮರೆಯಬಾರದು.

ವಾರಂಟಿ ಮುಗಿದ ಮೇಲೆ ಪರಿಚಯದ ಒಳ್ಳೆಯ ಮೆಕ್ಯಾನಿಕ್ಕಿದ್ದರೆ ಅಲ್ಲಿಗೇ ಹೋಗಬಹುದು ಎಂಬುದು ನನ್ನ ನಿಲುವು, ಒಂದು ಷರತ್ತಿನೊಂದಿಗೆ. ಫೀಲರ್ ಗೇಜು, ಬಿಗಿತ ಅಳೆಯುವ ಟಾರ್ಕ್ ರೆಂಚು ಎರಡೂ ಆತನ ಬಳಿ ಇರಬೇಕು ಮತ್ತು ಬಳಕೆಯಲ್ಲಿರಬೇಕು. ಹಳೆಯ ಬೀಡು ಕಬ್ಬಿಣದ ಎಂಜಿನ್ನಿನ ಬುಲೆಟ್ಟನ್ನು ಕಿವಿಯಿಂದಲೇ ಟ್ಯೂನ್ ಮಾಡುತ್ತಿದ್ದ ಉಸ್ತಾದರ ವಿದ್ಯೆ ದೊಡ್ಡದೇ. ಆದರೆ ಅಲ್ಯುಮಿನಿಯಂ ಕೇಸಿನ ಡ್ರೇನ್ ಬೋಲ್ಟನ್ನು ತೋಳಿನ ಬಲದಿಂದ ಬಿಗಿದರೆ ಎಳೆ ಹಾಳಾಗಿ ಮುಂದೆ ಆಯಿಲು ಒಸರುವುದು ಖಂಡಿತ. ವರ್ಷಕ್ಕೊಮ್ಮೆಯಾದರೂ ಕಂಪನಿಯ ಕೇಂದ್ರದಲ್ಲಿ ಸ್ಕ್ಯಾನರು ಹಾಕಿಸಿ ಇಸಿಯುವಿನಲ್ಲಿ ಉಳಿದ ದೋಷದ ಸಂಕೇತಗಳನ್ನು ನೋಡಿಸುವುದು ಇದರ ಜೊತೆಗೆ ಒಳ್ಳೆಯದು.

ವೇಳಾಪಟ್ಟಿ ಇಡೀ ದೇಶಕ್ಕೆ ಒಂದೇ, ನಮ್ಮ ರಾಜ್ಯದ ಹವೆ ಮಾತ್ರ ಒಂದೇ ಅಲ್ಲ. ಬಳ್ಳಾರಿ, ಸಂಡೂರು, ಹೊಸಪೇಟೆಯ ಅದಿರಿನ ಕೆಂಧೂಳಿನಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಪುಸ್ತಕ ಹೇಳುವುದಕ್ಕಿಂತ ಬಹಳ ಮೊದಲೇ ಬದಲಿಸಬೇಕು. ಫಿಲ್ಟರು ದಾಟಿ ಒಳಹೋದ ಧೂಳು ಪಿಸ್ಟನ್ ರಿಂಗುಗಳನ್ನು ಸಾಣೆಕಲ್ಲಿನಂತೆ ತಿನ್ನುತ್ತದೆ, ನೀಲಿ ಹೊಗೆ ಬರುವವರೆಗೆ ಗೊತ್ತಾಗುವುದೂ ಇಲ್ಲ. ಆಗುಂಬೆ, ಹುಲಿಕಲ್ ಕಡೆ ಮಳೆಗಾಲದಲ್ಲಿ ಓಡಿಸುವವರ ಚೈನಿಗೆ 500 ಕಿ.ಮೀ.ಗೊಮ್ಮೆ ಲ್ಯೂಬು ಎಂಬ ನಿಯಮ ಸಾಲದು, ನೆನೆದ ಪ್ರತಿ ದಿನದ ಕೊನೆಗೂ ಬೇಕು. ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥನಾಲಿದೆ. ಅದು ತೇವವನ್ನು ಎಳೆದುಕೊಳ್ಳುವ ಗುಣದ್ದು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸುವುದಾದರೆ 13 ಲೀಟರಿನ ಟ್ಯಾಂಕನ್ನು ಅರೆಬರೆ ಬಿಡದೆ ತುಂಬಿಸಿಡುವುದು ವಾಸಿ. ಇಷ್ಟು ಎಥನಾಲಿಗೆಂದು ರೂಪಿಸದ, 2023ರ ಏಪ್ರಿಲಿಗೆ ಮೊದಲು ತಯಾರಾದ ಗಾಡಿಗಳಲ್ಲಿ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಪ್ರತಿ ದೊಡ್ಡ ಸರ್ವಿಸಿನಲ್ಲೂ ಮುಟ್ಟಿ ನೋಡಿಸಬೇಕು.

ಒಟ್ಟಿನಲ್ಲಿ ಯಾರಿಗೆ ಈ ಗಾಡಿಯನ್ನು ಹೇಳಬಹುದು ಎಂದರೆ, 80-90ರ ವೇಗದಲ್ಲಿ ತೃಪ್ತಿಯಿರುವವರಿಗೆ, ಆಯಿಲಿನ ಕಿಂಡಿಗೆ ಆಗಾಗ ಬಗ್ಗಿ ನೋಡುವಷ್ಟು ತಾಳ್ಮೆಯಿರುವವರಿಗೆ, ಮತ್ತು ಹತ್ತು ವರ್ಷ ಒಂದೇ ಗಾಡಿಯನ್ನು ಇಟ್ಟುಕೊಳ್ಳುವ ಮನಸ್ಸಿರುವವರಿಗೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ವಾರವಾರವೂ 110ರಲ್ಲಿ ಹೋಗಬೇಕೆನ್ನುವವರಿಗೆ ಇದು ಸರಿಯಾದ ಎಂಜಿನ್ನಲ್ಲ; ಅದೇ ಕಂಪನಿಯ 648 ಸಿಸಿಯ ಎರಡು ಸಿಲಿಂಡರಿನ ಇಂಟರ್‌ಸೆಪ್ಟರ್ ಆ ಕೆಲಸವನ್ನು ಆಯಾಸವಿಲ್ಲದೆ ಮಾಡುತ್ತದೆ, ಆಯಿಲು ಬದಲಿಸುವ ಅಂತರ ಅದಕ್ಕೂ 10,000 ಕಿ.ಮೀ.ಯೇ. ಆದರೆ 350 ಸಿಸಿ ಮೀರದ ಗಾಡಿಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದ ದಿನವೇ ಅದನ್ನು ಮೀರಿದವುಗಳದ್ದು ಶೇಕಡಾ 40ಕ್ಕೆ ಏರಿದ್ದರಿಂದ, ಆ ಆಯಾಸವಿಲ್ಲದ 110ಕ್ಕೆ ತೆರುವ ಬೆಲೆ ಮೊದಲಿಗಿಂತ ಹೆಚ್ಚಾಗಿದೆ.